ರೆಕಾರ್ಡು ಕಂಪೆನಿಗಳೂ ರ‍್ಯಾಪ್ ಗಾಯಕರೂ

೧

ಕಲೆಗೆ ಆಶ್ರಯವು ಬೇಕೆಂಬುದು ಸರ್ವರೂ ಒಪ್ಪಿದ ಮಾತು. ಆಶ್ರಯವೀಯುವವನು ಅರಸನಾಗಲಿ ವರ್ತಕನಾಗಲಿ, ಆಶ್ರಯ ಹೊಂದಿದವನಿಂದ ಏನನ್ನಾದರೂ ಅಪೇಕ್ಷಿಸುವುದು ಲೋಕಸ್ವಭಾವ. ಅರಸನು ಕೀರ್ತಿಯನ್ನು ಬಯಸಿದನು. ವರ್ತಕನು ಲಾಭವನ್ನು ಬಯಸುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಟ್ಟ ಹಣವು ಸಾಲವೆನಿಸಿ, ಆ ಸಾಲವು ಕಲಾವಿದನ ದುಡಿಮೆಯಿಂದಲೇ ತೀರಿ, ತೀರಿದ ಮೇಲೂ ದುಡಿಮೆಯ ಫಲವು ಸಾಹುಕಾರನ ಸ್ವತ್ತಾಗಿಯೇ ಉಳಿಯುವುದಾದರೆ, ಅದನ್ನು ಆಶ್ರಯವೆನ್ನಬೇಕೋ ಒತ್ತೆಯೆನ್ನಬೇಕೋ ಎಂಬ ಪ್ರಶ್ನೆ ಹುಟ್ಟುತ್ತದೆ. ಅಮೆರಿಕದ ರ‍್ಯಾಪ್ ಗಾಯನದ ಐವತ್ತು ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆಯು ಮತ್ತೆ ಮತ್ತೆ ತಲೆಯೆತ್ತಿದೆ.

ರ‍್ಯಾಪ್ ಎಂಬುದು ತಾಳಕ್ಕೆ ಒಪ್ಪುವಂತೆ ಪ್ರಾಸಬದ್ಧವಾದ ನುಡಿಗಳನ್ನು, ರಾಗದ ಹಂಗಿಲ್ಲದೆ, ವೇಗವಾಗಿ ಹೇಳುವ ಪದ್ಧತಿ. ೧೯೭೩ನೆಯ ಇಸವಿ ಆಗಸ್ಟ್ ೧೧ರ ರಾತ್ರಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ, ಸೆಜ್‌ವಿಕ್ ಅವೆನ್ಯೂವಿನ ೧೫೨೦ನೆಯ ನಂಬರಿನ ವಸತಿಗೃಹದಲ್ಲಿ ನಡೆದ ಒಂದು ಕೂಟದಿಂದ ಇದರ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿಯು ಶಾಲೆಗೆ ಹೊಸ ಉಡುಪು ಕೊಳ್ಳುವುದಕ್ಕೆ ಹಣ ಕೂಡಿಸಬೇಕೆಂದು ಆ ಕೂಟವನ್ನು ಏರ್ಪಡಿಸಿದಳು. ಜಮೈಕದಿಂದ ಬಂದಿದ್ದ ಅವಳ ಅಣ್ಣ ಕ್ಲೈವ್ ಕ್ಯಾಂಬೆಲ್, ಮುಂದೆ ಕೂಲ್ ಹರ್ಕ್ ಎಂದು ಪ್ರಖ್ಯಾತನಾದವನು, ಅಲ್ಲಿ ರೆಕಾರ್ಡುಗಳನ್ನು ನುಡಿಸಿದನು. ಪ್ರವೇಶಧನ ಹುಡುಗಿಯರಿಗೆ ೨೫ ಸೆಂಟು, ಹುಡುಗರಿಗೆ ೫೦ ಸೆಂಟು. ಬಂದ ಹಣವೆಲ್ಲವೂ ಆ ಮನೆಯಲ್ಲಿಯೇ ಉಳಿಯಿತು. ಹಾಡಿದವನಿಗೂ ಕೇಳಿದವನಿಗೂ ನಡುವೆ ಮೂರನೆಯವನು ಇನ್ನೂ ಬಂದಿರಲಿಲ್ಲ.

ಮುಂದಿನ ಆರು ವರ್ಷಗಳ ಕಾಲ ಈ ಕಲೆಯು ಬ್ರಾಂಕ್ಸಿನ ಉದ್ಯಾನಗಳಲ್ಲಿಯೂ ಶಾಲೆಯ ಅಂಗಳಗಳಲ್ಲಿಯೂ ಬೆಳೆಯಿತು. ಅದನ್ನು ರೆಕಾರ್ಡಿಗೆ ಇಳಿಸಿ ಮಾರಬಹುದೆಂದು ಹಾಡುವವರಲ್ಲಿಯೇ ಬಹುಮಂದಿಗೆ ತೋಚಿರಲಿಲ್ಲ. ತೋಚಿದುದು ಒಬ್ಬ ಅನುಭವಸ್ಥೆಗೆ.

೨

ಸಿಲ್ವಿಯಾ ರಾಬಿನ್ಸನ್ ತಾನೇ ಗಾಯಕಿ. ೧೯೫೦ರ ದಶಕದಿಂದ ರೆಕಾರ್ಡು ವ್ಯಾಪಾರದ ಒಳಹೊರಗನ್ನು ಕಂಡವಳು. ೧೯೭೯ರಲ್ಲಿ ಆಕೆಯೂ ಆಕೆಯ ಪತಿ ಜೋ ರಾಬಿನ್ಸನನೂ ನ್ಯೂಜೆರ್ಸಿಯ ಎಂಗಲ್‌ವುಡ್ ಪಟ್ಟಣದಲ್ಲಿ ಶುಗರ್‌ಹಿಲ್ ಎಂಬ ಕಂಪೆನಿಯನ್ನು ಸ್ಥಾಪಿಸಿ, ಮೂವರು ತರುಣರನ್ನು ಕೂಡಿಸಿ, 'ರ‍್ಯಾಪರ್ಸ್ ಡಿಲೈಟ್' ಎಂಬ ಮುದ್ರಿಕೆಯನ್ನು ಹೊರತಂದರು. ಅಮೆರಿಕದ ಮೊದಲ ನಲವತ್ತು ಜನಪ್ರಿಯ ಹಾಡುಗಳ ಪಟ್ಟಿಯನ್ನು ಸೇರಿದ ಪ್ರಥಮ ರ‍್ಯಾಪ್ ಗೀತವು ಅದೇ.

ಈ ಪ್ರಥಮ ವಿಜಯದಲ್ಲಿಯೇ ಮುಂದಿನ ವ್ಯಾಜ್ಯಗಳೆಲ್ಲದರ ಬೀಜವು ಇದ್ದಿತು. ಮೂವರಲ್ಲೊಬ್ಬನಾದ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬವನು ಸ್ವತಃ ಪದ ಕಟ್ಟುವವನಲ್ಲ. ಅವನು ಬ್ರಾಂಕ್ಸಿನ ನುರಿತ ಪದಕಾರನಾದ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬವನ ಪುಸ್ತಕದಲ್ಲಿದ್ದ ಸಾಲುಗಳನ್ನೇ ಹಾಡಿದನು. ಎಷ್ಟರ ಮಟ್ಟಿಗೆಂದರೆ, ಕ್ಯಾಜನು ತನಗಿಟ್ಟುಕೊಂಡಿದ್ದ ಬಿರುದನ್ನು ಅಕ್ಷರ ಬಿಡಿಸಿ ಹೇಳುವ ಪಾದವೂ ಹಾಗೆಯೇ ಉಳಿದುಬಿಟ್ಟಿತು. ಲಕ್ಷಾಂತರ ಜನರು ಕೇಳಿದ ಆ ಮುದ್ರಿಕೆಯ ಮೇಲೆ ಕ್ಯಾಜನ ಹೆಸರಿರಲಿಲ್ಲ. ಅವನಿಗೆ ಹಣವೂ ಬರಲಿಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅದೇ ಹಾಡಿನ ವಾದ್ಯಭಾಗವು ಷಿಕ್ ಎಂಬ ವಾದ್ಯಗೋಷ್ಠಿಯ 'ಗುಡ್ ಟೈಮ್ಸ್' ಎಂಬ ಗೀತದಿಂದ ಬಂದುದಾಗಿದ್ದಿತು. ಅದರ ಕರ್ತೃಗಳಾದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಎಂಬವರು ವಕೀಲರ ಮೂಲಕ ಎಚ್ಚರಿಕೆ ಕೊಟ್ಟೊಡನೆಯೇ ಅವರ ಹೆಸರುಗಳು ಕರ್ತೃಗಳ ಸ್ಥಾನದಲ್ಲಿ ಸೇರಿದವು. ಒಂದೇ ಹಾಡು, ಕಾನೂನನ್ನು ಬಲ್ಲವರಿಗೆ ನ್ಯಾಯ ದೊರಕಿತು, ಬಲ್ಲದ ಬಡ ಪದಕಾರನಿಗೆ ದೊರಕಲಿಲ್ಲ.

ಅದೇ ಕಂಪೆನಿಯು ೧೯೮೨ರಲ್ಲಿ 'ದಿ ಮೆಸೇಜ್' ಎಂಬ ಪ್ರಸಿದ್ಧ ಗೀತವನ್ನು ಪ್ರಕಟಿಸಿತು. ನಗರದ ಬಡತನವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದ ಈ ಹಾಡಿನ ಮೇಲೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ತಂಡದ ಹೆಸರಿದ್ದರೂ, ಹಾಡಿದವರು ಆ ತಂಡದ ಮೆಲ್ಲಿ ಮೆಲ್ ಎಂಬವನೂ ಕಂಪೆನಿಯ ವಾದಕನಾಗಿದ್ದ ಡ್ಯೂಕ್ ಬೂಟೀ ಎಂಬವನೂ ಮಾತ್ರ. ಮರುವರ್ಷ ಫ್ಲ್ಯಾಶನು ತನಗೆ ಸಲ್ಲಬೇಕಾದ ರಾಯಲ್ಟಿಗಾಗಿಯೂ ತನ್ನ ಹೆಸರನ್ನು ಬಳಸುವ ಹಕ್ಕಿಗಾಗಿಯೂ ಕಂಪೆನಿಯ ಮೇಲೆ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಗಾಯಕನು ತನ್ನ ಹೆಸರು ತನ್ನದೆಂದು ಸಾಧಿಸಲು ವಕೀಲನನ್ನಿಡಬೇಕಾದ ಕಾಲವು ರ‍್ಯಾಪ್ ರೆಕಾರ್ಡುಗಳು ಹುಟ್ಟಿದ ನಾಲ್ಕು ವರ್ಷಗಳೊಳಗೇ ಒದಗಿತು.

ಇದು ರ‍್ಯಾಪ್ ಗಾಯಕರಿಗೆ ಮಾತ್ರ ಬಂದ ವಿಪತ್ತೆಂದು ತಿಳಿಯಬಾರದು. ೧೯೨೩ರಿಂದ ಕೊಲಂಬಿಯ ಕಂಪೆನಿಗೆ ಹಾಡಿದ ಬೆಸ್ಸಿ ಸ್ಮಿತ್ ಎಂಬ ಮಹಾಗಾಯಕಿಯು ಸುಮಾರು ೧೬೦ ಮುದ್ರಿಕೆಗಳಿಗೆ ತನ್ನ ಕಂಠವನ್ನು ಕೊಟ್ಟಳು. ಆಕೆಗೆ ಹಾಡಿಗಿಷ್ಟೆಂದು ಗೊತ್ತಾದ ಹಣ ದೊರಕಿತೇ ಹೊರತು ಮಾರಾಟದಲ್ಲಿ ಪಾಲಿರಲಿಲ್ಲ. ನೀಗ್ರೋ ಜನಾಂಗದ ಗಾಯಕರೊಡನೆ ರೆಕಾರ್ಡು ಕಂಪೆನಿಗಳು ನಡೆಸಿಕೊಂಡು ಬಂದ ಈ ಹಳೆಯ ಸಂಪ್ರದಾಯವೇ ಹೊಸ ಕಲೆಗೂ ಬಳುವಳಿಯಾಗಿ ಬಂದಿತು.

೩

ಈ ಕರಾರುಗಳ ಒಳಗುಟ್ಟನ್ನು ತಿಳಿಯದೆ ಚರಿತ್ರೆಯು ಅರ್ಥವಾಗಲಾರದು. ಕಂಪೆನಿಯು ಉದಯೋನ್ಮುಖ ಗಾಯಕನಿಗೆ ಒಂದು ಮೊತ್ತವನ್ನು ಮುಂಗಡವಾಗಿ ಕೊಡುತ್ತದೆ. ಹದಿನೆಂಟು ಇಪ್ಪತ್ತು ವರ್ಷದ ಬಡ ತರುಣನಿಗೆ ಅದು ಬಹುಮಾನದಂತೆ ಕಾಣುವುದು ಸಹಜ. ವಾಸ್ತವದಲ್ಲಿ ಅದು ಅವನ ಲೆಕ್ಕದಲ್ಲಿ ಬರೆದ ಸಾಲ. ಧ್ವನಿಮುದ್ರಣದ ವೆಚ್ಚ, ಪ್ರಚಾರಚಿತ್ರದ ವೆಚ್ಚದಲ್ಲಿ ಒಂದು ಭಾಗ, ಪ್ರವಾಸಕ್ಕೆ ಕೊಟ್ಟ ನೆರವು ಇವೆಲ್ಲವೂ ಅದೇ ಲೆಕ್ಕಕ್ಕೆ ಸೇರುತ್ತವೆ. ಸಾಲವು ತೀರುವುದು ಮಾರಾಟದ ಒಟ್ಟು ಹಣದಿಂದಲ್ಲ, ಅದರಲ್ಲಿ ಗಾಯಕನಿಗೆ ಗೊತ್ತುಮಾಡಿದ ಸಣ್ಣ ಪಾಲಿನಿಂದ ಮಾತ್ರ.

ದೃಷ್ಟಾಂತಕ್ಕಾಗಿ ಒಂದು ಲೆಕ್ಕವನ್ನು ನೋಡಬಹುದು. ಗೀತಸಂಪುಟವೊಂದರ ಸಗಟು ಬೆಲೆ ೧೦ ಡಾಲರು, ಗಾಯಕನ ಪಾಲು ನೂರಕ್ಕೆ ೧೨ ಎಂದಿಟ್ಟುಕೊಂಡರೆ, ಪ್ರತಿಯೊಂದಕ್ಕೆ ೧ ಡಾಲರು ೨೦ ಸೆಂಟು ಬರಬೇಕಾಯಿತು. ಹೊರಕವಚದ ವೆಚ್ಚವೆಂದು ಬೆಲೆಯಲ್ಲಿ ನೂರಕ್ಕೆ ೨೫ನ್ನು ಮೊದಲೇ ಕಳೆಯುವ ವಾಡಿಕೆಯಿಂದ ಅದು ೯೦ ಸೆಂಟಿಗಿಳಿಯುತ್ತದೆ. ಬಳಿಕ 'ಒಡೆತ'ದ ಬಾಬ್ತು ನೂರಕ್ಕೆ ೧೦ ಕಳೆದರೆ ೮೧ ಸೆಂಟು ಉಳಿಯುತ್ತದೆ. ಮುಂಗಡವೂ ಮುದ್ರಣದ ವೆಚ್ಚವೂ ಕೂಡಿ ೪,೦೫,೦೦೦ ಡಾಲರು ಆಗಿದ್ದರೆ, ಆ ಸಾಲವು ತೀರಲು ಐದು ಲಕ್ಷ ಪ್ರತಿಗಳು ಮಾರಾಟವಾಗಬೇಕು. ಅಮೆರಿಕದಲ್ಲಿ ಚಿನ್ನದ ತಟ್ಟೆಯ ಮನ್ನಣೆ ದೊರಕುವುದು ಸರಿಯಾಗಿ ಐದು ಲಕ್ಷ ಪ್ರತಿಗಳಿಗೆ. ಅಂದರೆ ಗಾಯಕನು ಚಿನ್ನದ ತಟ್ಟೆಯನ್ನು ಗೋಡೆಗೆ ತೂಗುಹಾಕುವ ದಿನ ಅವನ ಲೆಕ್ಕದಲ್ಲಿ ಸೊನ್ನೆ ಇರುತ್ತದೆ. ಅಷ್ಟರಲ್ಲಿ ಕಂಪೆನಿಗೆ ಸಗಟು ಮಾರಾಟದಿಂದ ೫೦ ಲಕ್ಷ ಡಾಲರು ಬಂದಿರುತ್ತದೆ. ತಯಾರಿಕೆ ವಿತರಣೆಗಳ ಖರ್ಚು ಅದರಿಂದ ಹೋಗತಕ್ಕದ್ದು.

'ಒಡೆತ'ದ ಕಳೆತಕ್ಕೆ ಒಂದು ವಿಚಿತ್ರವಾದ ಕಥೆಯಿದೆ. ಹಿಂದಿನ ಗ್ರಾಮಫೋನು ತಟ್ಟೆಗಳು, ಬಹುಮಟ್ಟಿಗೆ ಭಾರತದಿಂದಲೇ ರಫ್ತಾಗುತ್ತಿದ್ದ ಅರಗಿನಿಂದ ಮಾಡಿದವಾದುದರಿಂದ, ಸಾಗಣೆಯಲ್ಲಿ ಒಡೆಯುತ್ತಿದ್ದವು. ಆ ನಷ್ಟಕ್ಕೆಂದು ನೂರಕ್ಕೆ ೧೦ ಪ್ರತಿಗಳಿಗೆ ರಾಯಲ್ಟಿಯನ್ನು ಕೊಡುತ್ತಿರಲಿಲ್ಲ. ಅರಗು ಹೋಗಿ ಬಾಗಿದರೂ ಮುರಿಯದ ವಿನೈಲ್ ಬಂದಿತು. ವಿನೈಲ್ ಹೋಗಿ ಕಾಂಪ್ಯಾಕ್ಟ್ ಡಿಸ್ಕ್ ಬಂದಿತು. ಕಳೆತವು ಮಾತ್ರ ಅನೇಕ ಕರಾರುಗಳಲ್ಲಿ ಹಾಗೆಯೇ ನಿಂತಿತು.

ಇಷ್ಟಾದರೂ ಸಾಲವು ಎಂದಾದರೂ ತೀರುವುದಲ್ಲವೆ ಎಂದು ಕೇಳಬಹುದು. ತೀರುತ್ತದೆ. ಆದರೆ ಸಾಲ ತೀರಿದ ಮೇಲೂ ಮೂಲಮುದ್ರಿಕೆ, ಎಂದರೆ ಎಲ್ಲ ಪ್ರತಿಗಳಿಗೂ ತಾಯಿಯಾದ ಮೊದಲ ಮುದ್ರಣ, ಕಂಪೆನಿಯ ಸ್ವತ್ತಾಗಿಯೇ ಇರುತ್ತದೆ. ರೈತನು ಹೊಲವನ್ನು ಭೋಗ್ಯಕ್ಕೆ ಹಾಕಿದರೆ, ಅವಧಿ ಮುಗಿದ ಮೇಲೆ ಹೊಲವು ಅವನಿಗೆ ಮರಳುವುದುಂಟು. ಇಲ್ಲಿ ರೈತನೇ ಬೆಳೆ ಬೆಳೆದು, ಬೆಳೆಯಿಂದ ಸಾಲ ತೀರಿಸಿ, ಕೊನೆಗೆ ಹೊಲವನ್ನು ಸಾಹುಕಾರನಲ್ಲಿಯೇ ಬಿಟ್ಟುಬರಬೇಕು. ಇದಲ್ಲದೆ ಮುಂದಿನ ಐದಾರು ಸಂಪುಟಗಳನ್ನು ಕೇಳುವ ಹಕ್ಕನ್ನು ಕಂಪೆನಿಯು ಕರಾರಿನಲ್ಲಿಯೇ ಕಾದಿರಿಸಿಕೊಳ್ಳುತ್ತದೆ. ಒಂದು ಸಂಪುಟದ ನಷ್ಟವನ್ನು ಇನ್ನೊಂದರ ಗಳಿಕೆಯಿಂದ ತುಂಬಿಕೊಳ್ಳುತ್ತದೆ. ಗಾಯಕನು ಬಿಟ್ಟುಹೋಗುವಂತಿಲ್ಲ; ಕಂಪೆನಿಯು ಬೇಡವೆಂದರೆ ಬಿಡಬಹುದು.

ಕಂಪೆನಿಗಳ ಪಕ್ಷದಲ್ಲಿಯೂ ಹೇಳತಕ್ಕ ಮಾತಿದೆ. ಹೊರಬರುವ ಸಂಪುಟಗಳಲ್ಲಿ ಹೆಚ್ಚಿನವು ನಷ್ಟವನ್ನೇ ತರುತ್ತವೆ. ಮಾರಾಟವಾಗದಿದ್ದರೆ ಮುಂಗಡವನ್ನು ಗಾಯಕನು ತನ್ನ ಕೈಯಿಂದ ಹಿಂದಿರುಗಿಸಬೇಕಾಗಿಲ್ಲ. ಆ ನಷ್ಟವನ್ನು ಗೆದ್ದ ಕೆಲವರ ಗಳಿಕೆಯಿಂದ ತುಂಬದಿದ್ದರೆ ಹೊಸಬರಿಗೆ ಹಣ ಹೂಡುವವರಾರು ಎಂಬುದು ಅವರ ವಾದ. ವಾದವು ತಳ್ಳಿಹಾಕುವಂಥದಲ್ಲ. ಆದರೆ ಅಪಾಯಕ್ಕೆ ತಕ್ಕ ಲಾಭವನ್ನು ಪಡೆಯುವುದು ಒಂದು, ಎಂದೆಂದಿಗೂ ಒಡೆಯನಾಗಿರುವುದು ಇನ್ನೊಂದು.

೪

೧೯೯೦ರ ದಶಕವು ರ‍್ಯಾಪ್ ಗಾಯನದ ಐಶ್ವರ್ಯಕಾಲ. ಹಾಡಿನ ಕೀರ್ತಿಗೂ ಹಾಡಿದವರ ಸ್ಥಿತಿಗೂ ಇರುವ ಅಂತರವು ಎದ್ದುಕಂಡ ಕಾಲವೂ ಅದೇ.

ಅಟ್ಲಾಂಟ ನಗರದ ಟಿ.ಎಲ್.ಸಿ. ಎಂಬ ಮೂವರು ತರುಣಿಯರ ಗೋಷ್ಠಿಯಲ್ಲಿ ಲೀಸಾ ಲೋಪೆಸ್ ಎಂಬಾಕೆ ರ‍್ಯಾಪ್ ಹೇಳುತ್ತಿದ್ದಳು. ಅವರ ಎರಡನೆಯ ಸಂಪುಟವು ೧೯೯೪ರ ನವೆಂಬರಿನಲ್ಲಿ ಹೊರಬಂದು, ಅಮೆರಿಕದಲ್ಲಿ ಒಂದು ಕೋಟಿ ಪ್ರತಿಗಳನ್ನು ಮೀರಿತು. ಆ ಮಾರಾಟದ ಭರದಲ್ಲಿಯೇ, ೧೯೯೫ರ ಜುಲೈ ತಿಂಗಳಲ್ಲಿ, ಅವರು ಸುಮಾರು ೩೫ ಲಕ್ಷ ಡಾಲರು ಸಾಲವಿದೆಯೆಂದು ದಿವಾಳಿ ಅರ್ಜಿಯನ್ನು ಸಲ್ಲಿಸಿದರು. ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಒಡತಿಯು ರೆಕಾರ್ಡು ಕಂಪೆನಿಯ ಪಾಲುದಾರನ ಪತ್ನಿಯಾಗಿದ್ದಳು. ಗಾಯಕಿಯರ ಪರವಾಗಿ ಚೌಕಾಸಿ ಮಾಡತಕ್ಕವರೂ ಎದುರು ಕುಳಿತವರೂ ಒಂದೇ ಮನೆಯವರು. ೧೯೯೬ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಪತ್ರಿಕಾಕರ್ತರ ಮುಂದೆ ತಮ್ಮಲ್ಲಿ ಹಣವಿಲ್ಲವೆಂದು ಹೇಳಿದರು.

ಟೂಪಾಕ್ ಷಕೂರನ ಕಥೆ ಇದಕ್ಕಿಂತ ಕಠೋರವಾದುದು. ೧೯೯೫ರ ಅಕ್ಟೋಬರಿನಲ್ಲಿ ಆತನು ನ್ಯೂಯಾರ್ಕ್ ಸಂಸ್ಥಾನದ ಕ್ಲಿಂಟನ್ ಸೆರೆಮನೆಯಲ್ಲಿದ್ದನು. ಜಾಮೀನಿಗೆ ೧೪ ಲಕ್ಷ ಡಾಲರು ಬೇಕಾಗಿದ್ದಿತು. ಡೆತ್ ರೋ ಎಂಬ ಕಂಪೆನಿಯ ಒಡೆಯನಾದ ಷೂಗ್ ನೈಟ್ ಎಂಬವನು ಜಾಮೀನಿನ ಏರ್ಪಾಡು ಮಾಡಿಕೊಟ್ಟನು. ಟೂಪಾಕನು ಕೈಬರಹದ ಮೂರು ಪುಟದ ಕರಾರಿಗೆ ಸಹಿ ಹಾಕಿ ಮೂರು ಸಂಪುಟಗಳಿಗೆ ಬದ್ಧನಾದನು. ಸೆರೆಯ ಬಾಗಿಲಿನ ಬೀಗದ ಕೈ ಎದುರಿನವನಲ್ಲಿರುವಾಗ ಹಾಕಿದ ಸಹಿಯನ್ನು ಸ್ವೇಚ್ಛೆಯಿಂದ ಹಾಕಿದ್ದೆನ್ನುವುದು ಕಷ್ಟ. ೧೯೯೬ರ ಸೆಪ್ಟೆಂಬರ್ ೧೩ರಂದು, ಗುಂಡೇಟಿನಿಂದ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. ಮಗನಿಗೆ ಸಲ್ಲಬೇಕಾದುದನ್ನು ಪಡೆಯಲು ತಾಯಿ ಅಫೇನಿ ಷಕೂರ್ ೧೯೯೭ರಲ್ಲಿ ನ್ಯಾಯಾಲಯದ ಮೆಟ್ಟಲು ಹತ್ತಿದಳು. ಮುಂದೆ ಆ ಕಂಪೆನಿಯೂ ೨೦೦೬ರಲ್ಲಿ ದಿವಾಳಿಯಾಗಿ ಕೈಯಿಂದ ಕೈಗೆ ಮಾರಾಟವಾಯಿತು. ೨೦೨೨ರಲ್ಲಿ ಅದರ ಹೆಸರನ್ನು ಕೊಂಡುಕೊಂಡವನು, ೧೯೯೩ರಲ್ಲಿ ಅದೇ ಕಂಪೆನಿಗೆ ತನ್ನ ಮೊದಲ ಸಂಪುಟವನ್ನು ಹಾಡಿಕೊಟ್ಟಿದ್ದ ಸ್ನೂಪ್ ಡಾಗ್.

೫

ಇಂತಹ ಅನುಭವಗಳಿಂದ ಕೆಲವರು ಪಾಠ ಕಲಿತರು. ಜೇ-ಝೀ ಎಂಬವನು ದೊಡ್ಡ ಕಂಪೆನಿಗಳು ತನ್ನನ್ನು ಸೇರಿಸಿಕೊಳ್ಳದಿದ್ದಾಗ ಗೆಳೆಯರೊಡಗೂಡಿ ಸ್ವಂತ ಕಂಪೆನಿಯನ್ನು ತೆರೆದು ೧೯೯೬ರಲ್ಲಿ ತನ್ನ ಪ್ರಥಮ ಸಂಪುಟವನ್ನು ಪ್ರಕಟಿಸಿದನು. ೨೦೦೪ರ ಕೊನೆಯಲ್ಲಿ ಡೆಫ್ ಜಾಮ್ ಕಂಪೆನಿಯ ಅಧ್ಯಕ್ಷಪದವಿಯನ್ನು ಒಪ್ಪಿಕೊಳ್ಳುವಾಗ, ತನ್ನ ಮೂಲಮುದ್ರಿಕೆಗಳು ತನಗೆ ಮರಳಬೇಕೆಂಬುದನ್ನು ಕರಾರಿನಲ್ಲಿ ಸೇರಿಸಿಕೊಂಡನು. ನ್ಯೂ ಆರ್ಲಿಯನ್ಸಿನ ಮಾಸ್ಟರ್ ಪಿ. ಎಂಬವನು ೧೯೯೬ರಲ್ಲಿ ಪ್ರಯಾರಿಟಿ ಕಂಪೆನಿಯೊಡನೆ ವಿತರಣೆಗೆ ಮಾತ್ರ ಒಪ್ಪಂದ ಮಾಡಿಕೊಂಡು, ಗಳಿಕೆಯ ಹಿರಿಯ ಪಾಲನ್ನೂ ಮೂಲಮುದ್ರಿಕೆಗಳ ಒಡೆತನವನ್ನೂ ತನ್ನಲ್ಲಿಯೇ ಉಳಿಸಿಕೊಂಡನು. ಅದೇ ಊರಿನ ವಿಲಿಯಮ್ಸ್ ಸೋದರರು ೧೯೯೧ರಲ್ಲಿ ಸ್ಥಾಪಿಸಿದ ಕ್ಯಾಷ್ ಮನಿ ಎಂಬ ಕಂಪೆನಿಯು ೧೯೯೮ರಲ್ಲಿ ಯೂನಿವರ್ಸಲ್ ಕಂಪೆನಿಯೊಡನೆ ಇಂಥದೇ ಷರತ್ತುಗಳ ಮೇಲೆ ಭಾರಿ ಒಪ್ಪಂದವನ್ನು ಮಾಡಿಕೊಂಡಿತು. ಬಡ ಕೇರಿಯ ತರುಣರು ಮಹಾ ಕಂಪೆನಿಯ ಎದುರು ಸಮಾನರಾಗಿ ಕುಳಿತರೆಂದು ಲೋಕವು ಕೊಂಡಾಡಿತು.

ಆದರೆ ಈ ಕ್ಯಾಷ್ ಮನಿ ಕಂಪೆನಿಯಲ್ಲಿ ಹನ್ನೆರಡು ವರ್ಷದ ಆಸುಪಾಸಿನಲ್ಲಿಯೇ ಸೇರಿದ್ದ ಬಾಲಕನೊಬ್ಬನಿದ್ದನು. ಮುಂದೆ ಲಿಲ್ ವೇನ್ ಎಂದು ಲೋಕವಿಖ್ಯಾತನಾಗಿ, ಕಂಪೆನಿಯ ಭಾಗ್ಯವನ್ನೇ ಬೆಳೆಸಿದವನು ಅವನು. ಅದರ ಒಡೆಯರಲ್ಲೊಬ್ಬನಾದ ಬರ್ಡ್‌ಮನ್ನನನ್ನು ಅವನು ತಂದೆಯೆಂದೇ ಭಾವಿಸಿದ್ದನು. ೨೦೧೪ರ ಡಿಸೆಂಬರಿನಲ್ಲಿ, ತನ್ನ ಹೊಸ ಸಂಪುಟವನ್ನು ಕಂಪೆನಿಯು ಹೊರಬಿಡುತ್ತಿಲ್ಲವೆಂದೂ ತಾನು ಸೆರೆಯಾಳಿನಂತಾಗಿರುವೆನೆಂದೂ ಅವನು ಬಹಿರಂಗವಾಗಿ ಸಾರಿದನು. ಮರುತಿಂಗಳು ೫ ಕೋಟಿ ೧೦ ಲಕ್ಷ ಡಾಲರಿನ ದಾವೆಯನ್ನು ಹೂಡಿದನು. ವ್ಯಾಜ್ಯವು ೨೦೧೮ರಲ್ಲಿ ರಾಜಿಯಾಗಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಸಂಪುಟವು ಹೊರಬಂದಿತು. ಪ್ರಾಯದ ಉತ್ಕರ್ಷದಲ್ಲಿದ್ದ ಗಾಯಕನ ಕೃತಿಯೊಂದು ನಾಲ್ಕು ವರ್ಷ ಬೀಗದೊಳಗೆ ಕೊಳೆಯಿತು. ಬೀಗ ಹಾಕಿದವರು ಪರದೇಶದ ವರ್ತಕರಲ್ಲ, ಪರಜನಾಂಗದವರೂ ಅಲ್ಲ. ಅವನ ಕೇರಿಯವರೇ, ಹಿಂದೆ ತಮ್ಮ ಒಡೆತನಕ್ಕಾಗಿ ಹೋರಾಡಿದವರೇ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯಂತೆ, ಕರಾರಿನ ಈ ತುದಿಯಿಂದ ಆ ತುದಿಗೆ ಹೋದವನು ಅಲ್ಲಿನ ರೀತಿಯನ್ನೇ ಹಿಡಿದನು. ಆದುದರಿಂದ ದೋಷವು ವ್ಯಕ್ತಿಗಳ ದುರಾಶೆಗಿಂತ ಕರಾರಿನ ಸ್ವರೂಪದಲ್ಲಿಯೇ ಇದೆಯೆಂಬುದು ಸ್ಪಷ್ಟ.

ಈ ಸ್ವರೂಪವು ಕಾಲಕ್ಕೆ ತಕ್ಕಂತೆ ವೇಷವನ್ನೂ ಬದಲಿಸಿತು. ೧೯೯೯ರಲ್ಲಿ ಸುಮಾರು ೧,೪೬೦ ಕೋಟಿ ಡಾಲರಿದ್ದ ಅಮೆರಿಕದ ರೆಕಾರ್ಡು ವ್ಯಾಪಾರವು, ಗಣಕಯಂತ್ರಗಳ ಮೂಲಕ ಹಾಡುಗಳನ್ನು ಹಣವಿಲ್ಲದೆ ಹಂಚಿಕೊಳ್ಳುವ ರೂಢಿ ಬಂದ ಮೇಲೆ, ೨೦೧೪ರ ವೇಳೆಗೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ನಷ್ಟವನ್ನು ತುಂಬಿಕೊಳ್ಳಲು ಕಂಪೆನಿಗಳು, ಹಿಂದೆ ಗಾಯಕನಿಗೇ ಸೇರಿದ್ದ ಕಚೇರಿಗಳ ಸಂಭಾವನೆ, ಅವನ ಹೆಸರು ಹೊತ್ತ ಅಂಗಿ ಟೊಪ್ಪಿಗೆಗಳ ಮಾರಾಟ, ಪದಗಳ ಕೃತಿಸ್ವಾಮ್ಯ ಇವೆಲ್ಲದರಲ್ಲಿಯೂ ಪಾಲು ಕೇಳತೊಡಗಿದವು. ವರ್ತುಲದಲ್ಲಿ ಯಾವ ಕೋನವನ್ನೂ ಬಿಡದುದರಿಂದ ಇವಕ್ಕೆ ೩೬೦ ಅಂಶಗಳ ಕರಾರು ಎಂದು ಹೆಸರಾಯಿತು. ಹ್ಯೂಸ್ಟನ್ ನಗರದ ಮೇಗನ್ ದಿ ಸ್ಟ್ಯಾಲಿಯನ್ ಎಂಬ ತರುಣಿಯು ೨೦೧೮ರಲ್ಲಿ ಸ್ಥಳೀಯ ಕಂಪೆನಿಯೊಂದರೊಡನೆ ಮಾಡಿಕೊಂಡ ಕರಾರು ಇಂಥದು. ಧ್ವನಿಮುದ್ರಣದ ಆದಾಯದಲ್ಲಿ ನೂರಕ್ಕೆ ೬೦ ಪಾಲು ಕಂಪೆನಿಗೆಂದೂ, ಇತರ ಆದಾಯದಲ್ಲಿಯೂ ಅದಕ್ಕೆ ಭಾಗವಿದೆಯೆಂದೂ ಆಕೆಯ ದೂರಿನಲ್ಲಿ ಹೇಳಿದೆ. ಸಹಿ ಹಾಕುವಾಗ ಅದರಲ್ಲೇನಿದೆಯೆಂದು ತನಗೆ ತಿಳಿದಿರಲಿಲ್ಲವೆಂದು ಆಕೆಯೇ ಹೇಳಿದಳು. ೨೦೨೦ರ ಮಾರ್ಚಿಯಲ್ಲಿ ಟೆಕ್ಸಾಸಿನ ನ್ಯಾಯಾಲಯದ ತಾತ್ಕಾಲಿಕ ಆಜ್ಞೆಯನ್ನು ಪಡೆದ ಮೇಲೆಯೇ ಆಕೆಯ ಹೊಸ ಹಾಡುಗಳು ಹೊರಬಂದವು. ವ್ಯಾಜ್ಯವು ಮುಗಿದುದು ೨೦೨೩ರ ಅಕ್ಟೋಬರಿನಲ್ಲಿ.

೬

ಕಾನೂನು ಈ ವಿಷಯದಲ್ಲಿ ಪೂರ್ಣವಾಗಿ ಮೂಕವಾಗಿಲ್ಲ. ಕ್ಯಾಲಿಫೋರ್ನಿಯದಲ್ಲಿ ಯಾರನ್ನೂ ಏಳು ವರ್ಷಗಳಿಗೆ ಮೇಲ್ಪಟ್ಟು ಸೇವೆಯ ಕರಾರಿನಿಂದ ಕಟ್ಟಕೂಡದೆಂಬ ನಿಯಮವುಂಟು. ೧೯೪೪ರಲ್ಲಿ ಒಲಿವಿಯ ಡಿ ಹ್ಯಾವಿಲೆಂಡ್ ಎಂಬ ನಟಿಯು ಇದನ್ನು ಚಲಚ್ಚಿತ್ರ ಕಂಪೆನಿಯ ವಿರುದ್ಧ ಸಾಧಿಸಿದಳು. ೧೯೮೭ರಲ್ಲಿ ಇದಕ್ಕೊಂದು ತಿದ್ದುಪಡಿ ಬಂದು, ಹಾಡಿಕೊಡದೆ ಉಳಿದ ಸಂಪುಟಗಳಿಗಾಗಿ ಗಾಯಕನಿಂದ ನಷ್ಟಪರಿಹಾರ ಕೇಳುವ ಅವಕಾಶವು ರೆಕಾರ್ಡು ಕಂಪೆನಿಗಳಿಗೆ ದೊರೆಯಿತು. ನಟನಿಗೆ ತೆರೆದ ಬಾಗಿಲು ಗಾಯಕನಿಗೆ ಅರೆಮುಚ್ಚಿತು. ೧೯೭೬ರ ಅಮೆರಿಕದ ಕೃತಿಸ್ವಾಮ್ಯದ ಶಾಸನವು, ಹಕ್ಕನ್ನು ಬರೆದುಕೊಟ್ಟ ಕರ್ತೃವು ೩೫ ವರ್ಷಗಳ ಬಳಿಕ ಅದನ್ನು ಹಿಂದಕ್ಕೆ ಪಡೆಯಬಹುದೆಂದು ವಿಧಿಸಿದೆ. ಕೂಲಿಗಾಗಿ ಮಾಡಿದ ಕೃತಿಗಳಿಗೆ ಈ ಸೌಲಭ್ಯವಿಲ್ಲ. ೧೯೯೯ರಲ್ಲಿ ಧ್ವನಿಮುದ್ರಿಕೆಗಳನ್ನು ಅಂತಹ ಕೃತಿಗಳ ಪಟ್ಟಿಗೆ ಸೇರಿಸಿದ ಕೆಲವೇ ಮಾತುಗಳು ಶಾಸನದೊಳಗೆ ಬಂದವು. ಗಾಯಕರ ಪ್ರತಿಭಟನೆಯಿಂದ ೨೦೦೦ದಲ್ಲಿ ಅವನ್ನು ತೆಗೆದುಹಾಕಬೇಕಾಯಿತು.

ಭಾರತದಲ್ಲಿ ೨೦೧೨ರ ತಿದ್ದುಪಡಿಯು ಪದಕಾರನಿಗೂ ಸಂಗೀತಕಾರನಿಗೂ ಒಂದು ರಕ್ಷೆಯನ್ನೊದಗಿಸಿದೆ. ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಅವರ ಹಕ್ಕನ್ನು ಕಂಪೆನಿಗೆ ಬರೆದುಕೊಟ್ಟರೂ ಅದು ಸಿಂಧುವಲ್ಲ. ಬೆಂಗಳೂರು ಮೊದಲಾದ ಊರುಗಳಲ್ಲಿ ಕನ್ನಡದಲ್ಲಿ ರ‍್ಯಾಪ್ ಕಟ್ಟುವ ತರುಣರಿಗೂ ಇದು ಅನ್ವಯಿಸುತ್ತದೆ. ಪದವನ್ನು ಕಟ್ಟುವವನೂ ಹೇಳುವವನೂ ಒಬ್ಬನೇ ಆದ ಈ ಕಲೆಯಲ್ಲಿ ಇದರ ಪ್ರಯೋಜನವು ಹೆಚ್ಚು. ಮೂಲಮುದ್ರಿಕೆಯ ಒಡೆತನವು ಮಾತ್ರ ಇಲ್ಲಿಯೂ ಕರಾರನ್ನೇ ಅವಲಂಬಿಸಿದೆ.

ಹಕ್ಕು ಮರಳಿ ದೊರಕಿದ ಎರಡು ಸಂದರ್ಭಗಳನ್ನು ನೋಡಿದರೆ ವಿಷಯದ ಗಾಂಭೀರ್ಯವು ಮನಸ್ಸಿಗೆ ನಾಟುತ್ತದೆ. ಮಯಾಮಿಯ ಟೂ ಲೈವ್ ಕ್ರೂ ಎಂಬ ತಂಡದವರು ೩೫ ವರ್ಷಗಳ ನಿಯಮವನ್ನು ಆಧರಿಸಿ ತಮ್ಮ ಮುದ್ರಿಕೆಗಳಿಗಾಗಿ ಹೋರಾಡಿದರು. ೨೦೨೪ರ ಅಕ್ಟೋಬರಿನಲ್ಲಿ ಪಂಚರ ತೀರ್ಪು ಅವರ ಪರವಾಯಿತು. ಅಷ್ಟರಲ್ಲಿ ತಂಡದ ಒಬ್ಬನು ೨೦೧೭ರಲ್ಲಿಯೂ ಮತ್ತೊಬ್ಬನು ಅದೇ ೨೦೨೪ರ ಜೂನಿನಲ್ಲಿಯೂ ತೀರಿಕೊಂಡಿದ್ದರು.

ಇನ್ನೊಂದು ಡಿ ಲಾ ಸೋಲ್ ಎಂಬ ಮೂವರು ಗೆಳೆಯರ ಕಥೆ. ೧೯೮೯ರಲ್ಲಿ ಟಾಮಿ ಬಾಯ್ ಕಂಪೆನಿಯ ಮೂಲಕ ಹೊರಬಂದ ಅವರ ಪ್ರಥಮ ಸಂಪುಟವು ಈ ಕಲೆಯ ಶ್ರೇಷ್ಠ ಕೃತಿಗಳಲ್ಲೊಂದೆಂದು ಗಣ್ಯವಾಗಿದೆ. ಅದರಲ್ಲಿ ಬೇರೆ ಬೇರೆ ಹಾಡುಗಳಿಂದ ಆಯ್ದ ತುಣುಕುಗಳು ಅನೇಕವಿದ್ದು, ಅವುಗಳ ಅನುಮತಿಪತ್ರಗಳು ಹಳೆಯ ಕಾಲದ ತಟ್ಟೆ ಮತ್ತು ಕ್ಯಾಸೆಟ್ಟುಗಳನ್ನು ಮಾತ್ರ ಹೆಸರಿಸಿದ್ದುದರಿಂದ, ಲೋಕವೆಲ್ಲ ಅಂತರಜಾಲದಲ್ಲಿ ಹಾಡು ಕೇಳುವ ಕಾಲ ಬಂದರೂ ಇವರ ಹಾಡುಗಳು ಅಲ್ಲಿ ದೊರೆಯಲಿಲ್ಲ. ಹೊಸ ತಲೆಮಾರು ಇವರ ಹೆಸರನ್ನು ಕೇಳಿತೇ ಹೊರತು 

ಹಾಡನ್ನು ಕೇಳಲಿಲ್ಲ. ೨೦೧೪ರಲ್ಲಿ ಅವರು ತಮ್ಮ ಸಂಪುಟಗಳನ್ನು ಒಂದು ದಿನದ ಮಟ್ಟಿಗೆ ಅಭಿಮಾನಿಗಳಿಗೆ ಉಚಿತವಾಗಿ ಹಂಚಿದರು. ೨೦೧೯ರಲ್ಲಿ ಕಂಪೆನಿಯು ಹಾಡುಗಳನ್ನು ಅಂತರಜಾಲಕ್ಕೆ ಒದಗಿಸಲು ಹೊರಟಾಗ, ಗಳಿಕೆಯಲ್ಲಿ ನೂರಕ್ಕೆ ೯೦ ಪಾಲು ಕಂಪೆನಿಗೇ ಹೋಗುವುದೆಂದು ಸಾರಿ ಅದನ್ನು ವಿರೋಧಿಸಿದರು. ೨೦೨೧ರಲ್ಲಿ ಕಂಪೆನಿಯು ರಿಸರ್ವಾಯರ್ ಎಂಬ ಸಂಸ್ಥೆಯ ವಶವಾದ ಮೇಲೆ ಹೊಸ ಒಡೆಯರೊಡನೆ ಒಪ್ಪಂದ ಕುದುರಿ, ೨೦೨೩ರ ಮಾರ್ಚಿ ೩ರಂದು ಅವರ ಹಾಡುಗಳು ಲೋಕಕ್ಕೆ ಮತ್ತೆ ದೊರೆತವು. ಮೂವರಲ್ಲೊಬ್ಬನಾದ ಡೇವಿಡ್ ಜಾಲಿಕರ್ ಅದನ್ನು ಕಾಣಲಿಲ್ಲ. ಆತನು ಫೆಬ್ರವರಿ ೧೨ರಂದು, ಎಂದರೆ ಹತ್ತೊಂಬತ್ತು ದಿನಗಳ ಮೊದಲು, ೫೪ನೆಯ ವಯಸ್ಸಿನಲ್ಲಿ ಮರಣಹೊಂದಿದ್ದನು.

ಕಂಪೆನಿಗಳಿಗೆ ಆಯುಸ್ಸಿನ ಮಿತಿಯಿಲ್ಲ. ಅವು ಮಾರಾಟವಾಗುತ್ತವೆ, ಹೆಸರು ಬದಲಿಸುತ್ತವೆ, ಕಾಯಬಲ್ಲವು. ಗಾಯಕನು ಕಾಯಲಾರನು. ಕರಾರಿನಲ್ಲಿ ಬರೆಯುವ ಪಾಲು, ಮುಂಗಡ, ರಾಯಲ್ಟಿಗಳೆಲ್ಲವೂ ಹಣದ ಲೆಕ್ಕಗಳು. ಬರೆಯದೆ ಉಳಿಯುವುದು ವರ್ಷಗಳ ಲೆಕ್ಕ. ಬ್ರಾಂಕ್ಸಿನ ಆ ಮೊದಲ ರಾತ್ರಿ ಇಪ್ಪತ್ತೈದು ಸೆಂಟು ಕೊಟ್ಟು ಬಂದವರಿಗೆ ಹಾಡು ಅಲ್ಲಿಯೇ ದೊರಕಿತು, ಹಣವೂ ಸೇರತಕ್ಕವರ ಕೈಗೆ ಅಂದೇ ಸೇರಿತು. ಅಲ್ಲಿಂದ ಈಚೆಗೆ ಹಾಡು ಲೋಕವನ್ನೆಲ್ಲ ಸುತ್ತಿ ಬಂದಿದೆ. ಹಣವೂ ಹಕ್ಕೂ ಹಾಡಿದವನ ಜೀವಿತಕಾಲದಲ್ಲಿಯೇ ಅವನ ಮನೆಯನ್ನು ತಲುಪುವಂತೆ ಕರಾರುಗಳನ್ನು ಬರೆಯುವ ಕೆಲಸವು ಇನ್ನೂ ಮುಗಿದಿಲ್ಲ.